ಹೊರದೇಶದ ಮಲೇರಿಯಾ ಗುಳಿಗೆ: ಕಲಬುರಗಿಯ ಬಿಸಿಲಲ್ಲಿ ನಾವು ಪರೀಕ್ಷೆ ಮಾಡುವ ಬಗೆ

ಕಲಬುರಗಿಯ ನಮ್ಮ ಔಷಧ ಪ್ರಯೋಗಾಲಯಕ್ಕೆ ಬರುವ ಹೊರದೇಶದ ಮಲೇರಿಯಾ ಗುಳಿಗೆಗಳಲ್ಲಿ ಹೆಚ್ಚಿನವು ಆಮದುದಾರರ ಪೆಟ್ಟಿಗೆಯಿಂದ ಬಂದವಲ್ಲ. ಟಾಂಜಾನಿಯಾ, ನೈಜೀರಿಯಾ, ಕಾಂಗೊ ಕಡೆ ಕೆಲಸಕ್ಕೆ ಹೋಗಿ ಬಂದವರ ಚೀಲದಲ್ಲಿ ಉಳಿದು ಬಂದವು. ಅಲ್ಲಿ ಜ್ವರ ಬಂದಾಗ ಕೊಂಡು ಅರ್ಧ ನುಂಗಿರುತ್ತಾರೆ, ಅರ್ಧ ಉಳಿಸಿರುತ್ತಾರೆ. ಊರಿಗೆ ಬಂದ ಮೇಲೆ ಮನೆಯಲ್ಲಿ ಯಾರಿಗಾದರೂ ಚಳಿಜ್ವರ ಬಂದರೆ ಅದೇ ಗುಳಿಗೆ ಪಟ್ಟಿ (ಸ್ಟ್ರಿಪ್) ಹಿಡಿದು "ಸರ್, ಇವು ಕೊಟ್ರ ನಡೀತದೇನ್ರಿ?" ಎಂದು ಕೇಳುತ್ತಾರೆ. ನಡೆಯುವುದಿಲ್ಲ. ಜ್ವರ ಬಂದವರು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ಅಲ್ಲಿ ಪರೀಕ್ಷೆಯೂ ಗುಳಿಗೆಯೂ ಪುಕ್ಕಟೆ. ಮಲೇರಿಯಾದ ಬಗೆಗಳಲ್ಲಿ ವೈವಾಕ್ಸ್‌ಗೆ ಒಂದು ಮದ್ದು, ಫಾಲ್ಸಿಪಾರಮ್‌ಗೆ ಬೇರೆ ಮದ್ದು. ಯಾವುದೆಂದು ತಿಳಿಯದೆ ಗುಳಿಗೆ ಕೊಡುವ ಹಾಗಿಲ್ಲ.

ಆದರೂ ಆ ಪಟ್ಟಿಯನ್ನು ನಾವು ತೆಗೆದಿಟ್ಟುಕೊಳ್ಳುತ್ತೇವೆ. ನಾರಾಯಣಪುರದ ಕಾಲುವೆ ಹರಿಯುವ ಹುಣಸಗಿ, ಸುರಪುರ, ಶಹಾಪುರದ ಭತ್ತದ ಸೀಮೆಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಇದ್ದೇ ಇದೆ. ಅರ್ಧ ಕೆಲಸ ಮಾಡುವ ಗುಳಿಗೆ ನುಂಗಿದವರ ರಕ್ತದಲ್ಲಿ ಉಳಿದ ಪರೋಪಜೀವಿ ಅಲ್ಲಿಂದ ಪಕ್ಕದ ಮನೆಗೆ ಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ. ಹಾಗಾಗಿ ಗುಳಿಗೆಯಲ್ಲಿ ಏನಿದೆ ಎಂದು ನೋಡುವ ಕೆಲಸವನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ನಮ್ಮಂಥ ಸಣ್ಣ ಪ್ರಯೋಗಾಲಯ "ಈ ಗುಳಿಗೆ ಸರಿ ಇಲ್ಲ" ಎಂದು ಧೈರ್ಯವಾಗಿ ಹೇಳಬಹುದು. "ಇದು ಸರಿ ಇದೆ" ಎಂದು ಹೇಳಬಾರದು. ಬಣ್ಣ ಬಂತು, ಪ್ಲೇಟಿನ ಮೇಲೆ ಚುಕ್ಕೆ ಕೂತಿತು ಎಂದರೆ ಮದ್ದು ಒಳಗಿದೆ ಎಂದಷ್ಟೇ ಅರ್ಥ. ಎಷ್ಟಿದೆ, ಹೊಟ್ಟೆಯಲ್ಲಿ ಕರಗುತ್ತದೆಯೇ, ಕೆಟ್ಟು ಬೇರೇನಾಗಿದೆ ಎಂಬುದು ಬೇರೆ ಬೇರೆ ಪ್ರಶ್ನೆ, ಒಂದೊಂದಕ್ಕೂ ಬೇರೆ ಪರೀಕ್ಷೆ. ಈ ಕೆಲಸಕ್ಕೆ ಹೊಸದಾಗಿ ಬಂದವರು ಎಡವುವುದು ಇಲ್ಲಿಯೇ.

ಪಟ್ಟಿಯ ಮೇಲಿನ ಓದು

ಗುಳಿಗೆ ಒಡೆಯುವ ಮುಂಚೆ ಪಟ್ಟಿಯ ಎರಡೂ ಬದಿಯ ಫೋಟೊ ತೆಗೆಯಿರಿ. ಬ್ಯಾಚ್ ನಂಬರ್ ಇರುವ ತುದಿಯನ್ನು ಎಂದಿಗೂ ಕತ್ತರಿಸಬೇಡಿ, ಇನ್ನೊಂದು ತುದಿಯಿಂದ ಗುಳಿಗೆ ತೆಗೆಯಿರಿ. ನಮ್ಮ ದೇಶಕ್ಕೆ ಕ್ರಮವಾಗಿ ಆಮದಾದ ಔಷಧಿಯಾದರೆ ಪೊಟ್ಟಣದ ಮೇಲೆ ತಯಾರಕರ ಜೊತೆಗೆ ಆಮದುದಾರರ ಹೆಸರು, ವಿಳಾಸ, ಆಮದು ಲೈಸೆನ್ಸ್ ನಂಬರ್ ಇರಬೇಕು. ನಮ್ಮ ಔಷಧ ನಿಯಮದ ಪ್ರಕಾರ ಆಮದಾಗುವ ದಿನಕ್ಕೆ ಬಾಳಿಕೆಯ ಅವಧಿಯಲ್ಲಿ ಶೇ. 60ಕ್ಕಿಂತ ಕಡಿಮೆ ಉಳಿದಿರಬಾರದು. ಚೀಲದಲ್ಲಿ ಸ್ವಂತಕ್ಕೆ ತಂದದ್ದಕ್ಕೆ ಈ ಗುರುತುಗಳು ಇರುವುದಿಲ್ಲ. ಅದು ತಪ್ಪಲ್ಲ, ಸ್ವಂತ ಬಳಕೆಗೆ ಒಂದು ಔಷಧಿಯನ್ನು 100 ಸರಾಸರಿ ಡೋಸ್ ಮೀರದಂತೆ ತರಲು ಅವಕಾಶವಿದೆ. ಆದರೆ ಅಂಥ ಪಟ್ಟಿ ಅಂಗಡಿಯ ಕಪಾಟಿನಲ್ಲಿ ಮಾರಾಟಕ್ಕೆ ಕಂಡರೆ, ಒಳಗಿನ ಗುಳಿಗೆ ಎಷ್ಟೇ ಚೆನ್ನಾಗಿರಲಿ, ಅದು ಔಷಧ ನಿಯಂತ್ರಣಾಧಿಕಾರಿಗೆ ತಿಳಿಸಬೇಕಾದ ವಿಷಯ.

ಆಫ್ರಿಕದಿಂದ ಬಂದ ಪೊಟ್ಟಣಗಳ ಮೇಲೆ ಹಸಿರು ಎಲೆಯ ಗುರುತು ಕಾಣಬಹುದು. ಸಬ್ಸಿಡಿ ದರದಲ್ಲಿ ಸಂಯುಕ್ತ ಮಲೇರಿಯಾ ಔಷಧಿ ಹಂಚುವ ಯೋಜನೆಯೊಂದರ ಗುರುತು ಅದು. 2010ರಿಂದ ಘಾನಾ, ಕೀನ್ಯಾ, ನೈಜೀರಿಯಾ, ಟಾಂಜಾನಿಯಾ, ಉಗಾಂಡಾ ಮುಂತಾದ ಕಡೆ ನಡೆಯಿತು. ಎಲೆ ಕಂಡ ಮಾತ್ರಕ್ಕೆ ನಂಬಬಾರದು. ಅಚ್ಚು ಹಾಕುವವರಿಗೆ ಎಲೆಯೂ ಒಂದೇ, ಹೂವೂ ಒಂದೇ. ನೈಜೀರಿಯಾದ ಕೆಲವು ಪೊಟ್ಟಣಗಳ ಮೇಲೆ ಉಜ್ಜಿ ನಂಬರ್ ನೋಡಿ ಎಸ್‌ಎಂಎಸ್ ಕಳಿಸುವ ಪಟ್ಟೆ ಇರುತ್ತದೆ. ಅದನ್ನು ಮೊದಲೇ ಉಜ್ಜಿದ್ದರೆ ಯಾರು, ಯಾವಾಗ ಉಜ್ಜಿದರು ಎಂದು ತಂದವರನ್ನು ಕೇಳಿ ಬರೆದಿಡುತ್ತೇವೆ. 'ಮೇಡ್ ಇನ್ ಇಂಡಿಯಾ' ಎಂದಿದ್ದರೆ ನಮ್ಮದೇ ಮಾಲು ಎಂದು ಸುಮ್ಮನಾಗಬೇಡಿ. 2009ರಲ್ಲಿ ನೈಜೀರಿಯಾದಲ್ಲಿ ಹಿಡಿದ ನಕಲಿ ಮಲೇರಿಯಾ ಗುಳಿಗೆಗಳ ಮೇಲೆ ಹಾಗೆಯೇ ಬರೆದಿತ್ತು, ತಯಾರಾದದ್ದು ಮಾತ್ರ ಚೀನಾದಲ್ಲಿ.

ಇನ್ನೊಂದು ಗುರುತು: ಪಟ್ಟಿಯಲ್ಲಿ ಆರ್ಟಿಸುನೇಟ್ (ಆರ್ಟಿಮಿಸಿನಿನ್ ಗುಂಪಿನ ಮಲೇರಿಯಾ ಮದ್ದು) ಒಂದೇ ಇದ್ದು ಜೊತೆಗಾರ ಔಷಧಿ ಇಲ್ಲದಿದ್ದರೆ ಅಲ್ಲಿಯೇ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತೇವೆ. ಬಾಯಿಂದ ನುಂಗುವ ಒಂಟಿ ಆರ್ಟಿಮಿಸಿನಿನ್ ಗುಳಿಗೆಯನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2006ರಿಂದ ಹೇಳುತ್ತ ಬಂದಿದೆ. ನಮ್ಮ ದೇಶದಲ್ಲಿಯೂ ಅದಕ್ಕೆ ನಿಷೇಧವಿದೆ.

ಗುಳಿಗೆ ಹಂಚುವ ಲೆಕ್ಕ

ಪುಸ್ತಕದ (ಔಷಧಗಳ ಗುಣಮಟ್ಟ ಹೇಳುವ ಫಾರ್ಮಕೋಪಿಯಾದ) ಪ್ರಕಾರ ತೂಕಕ್ಕೆ 20 ಗುಳಿಗೆ ಬೇಕು, ಕರಗುವ ಪರೀಕ್ಷೆಗೆ 6, ಒಡೆಯುವ ಪರೀಕ್ಷೆಗೆ 6. ನಮಗೆ ಸಿಗುವುದು ಎಷ್ಟು? ಆರ್ಟಿಮೀಥರ್ 20 ಮಿ.ಗ್ರಾಂ ಮತ್ತು ಲ್ಯೂಮಿಫ್ಯಾಂಟ್ರಿನ್ 120 ಮಿ.ಗ್ರಾಂ ಗುಳಿಗೆಯ ವಯಸ್ಕರ ಪೂರ್ತಿ ಕೋರ್ಸ್ 24 ಗುಳಿಗೆ, ಮೂರು ದಿನ ದಿನಕ್ಕೆರಡು ಸಲ ನಾಲ್ಕು ನಾಲ್ಕು. ಜ್ವರ ಇಳಿಯಿತೆಂದು ನಡುವೆ ಬಿಟ್ಟವರ ಹತ್ತಿರ ಎಂಟೋ ಹನ್ನೆರಡೋ ಉಳಿದಿರುತ್ತವೆ. ಎಂಟು ಇದ್ದರೆ ಎರಡು ಮುಟ್ಟದೆ ಇಡುತ್ತೇವೆ. ಮುಂದೆ ಯಾರಾದರೂ ನಮ್ಮ ಫಲಿತಾಂಶ ಪ್ರಶ್ನಿಸಿದರೆ ಉತ್ತರ ಅವೇ. ಮೂರು ಒಡೆಯುವ ಪರೀಕ್ಷೆಗೆ, ಒಂದು ಬಣ್ಣಕ್ಕೆ, ಎರಡು ಟಿಎಲ್‌ಸಿಗೆ (ದ್ರಾವಕ ಏರುವ ತೆಳು ಲೇಪನದ ಪ್ಲೇಟಿನ ಮೇಲೆ ಮದ್ದನ್ನು ಚುಕ್ಕೆಯಾಗಿ ಬೇರ್ಪಡಿಸುವ ಪರೀಕ್ಷೆ). ಎಂಟನ್ನೂ ಮೊದಲು ಒಂದೊಂದಾಗಿ ತೂಗಿ ಬರೆದುಕೊಳ್ಳುತ್ತೇವೆ, ತೂಗಿದರೆ ಗುಳಿಗೆ ಖರ್ಚಾಗುವುದಿಲ್ಲವಲ್ಲ.

ತೂಕದ ಮಿತಿ ಎಲ್ಲರಿಗೂ ಗೊತ್ತಿರುವುದೇ: ಸರಾಸರಿ 80 ಮಿ.ಗ್ರಾಂ ವರೆಗೆ ಶೇ. 10, 80ರಿಂದ 250ರ ಒಳಗೆ ಶೇ. 7.5, ಅದರ ಮೇಲೆ ಶೇ. 5. ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಈ ಮಿತಿ ದಾಟಬಾರದು, ಒಂದೂ ಇದರ ದುಪ್ಪಟ್ಟು ದಾಟಬಾರದು. ಎಂಟು ಗುಳಿಗೆಗೆ ಈ ನಿಯಮ ಹಚ್ಚಿ 'ಪಾಸ್' ಬರೆಯಲು ಬರುವುದಿಲ್ಲ. ಆದರೆ ಎಂಟರಲ್ಲಿ ಒಂದರ ತೂಕ ಮತ್ತೊಂದಕ್ಕಿಂತ ಕಾಲುಭಾಗ ಕಡಿಮೆ ಬಂದರೆ ಗುಳಿಗೆ ಒತ್ತುವ ಯಂತ್ರಕ್ಕೆ ಪುಡಿ ಸಮವಾಗಿ ಇಳಿದಿಲ್ಲ ಎಂದು ಗೊತ್ತಾಗುತ್ತದೆ.

ಆರ್ಟಿಮೀಥರ್–ಲ್ಯೂಮಿಫ್ಯಾಂಟ್ರಿನ್ ಗುಳಿಗೆಯನ್ನು ಬ್ಲೇಡಿನಿಂದ ನಡುವೆ ಸೀಳಿ ನೋಡಿ. ಲ್ಯೂಮಿಫ್ಯಾಂಟ್ರಿನ್ ತಾನೇ ಹಳದಿ ಪುಡಿ, ಹಾಗಾಗಿ ಒಳಗೂ ಹೊರಗೂ ಒಂದೇ ಹಳದಿ ಇರಬೇಕು. ಮೇಲೆ ಹಳದಿ, ಒಳಗೆ ಬಿಳಿ ಇದ್ದರೆ ಮುಂದಿನ ಪರೀಕ್ಷೆಗಳನ್ನು ನಕಲಿ ಎಂಬ ಅನುಮಾನದಿಂದಲೇ ಶುರುಮಾಡುತ್ತೇವೆ. ಒಡೆಯುವ ಪರೀಕ್ಷೆಗೆ ಯಂತ್ರವಿಲ್ಲದವರು 37 ಡಿಗ್ರಿಯ 100 ಮಿ.ಲೀ ನೀರಿನಲ್ಲಿ ಗುಳಿಗೆ ಹಾಕಿ ಆಗಾಗ ಮೆಲ್ಲಗೆ ಆಡಿಸಬಹುದು. ಅರ್ಧ ಗಂಟೆಯಾದರೂ ಗುಳಿಗೆ ತೊಗರಿ ಬೇಳೆಯಷ್ಟಾದರೂ ಗಟ್ಟಿ ಉಳಿದಿದ್ದರೆ ತೊಂದರೆ ಇದೆ. ಲೇಪನವಿಲ್ಲದ ಗುಳಿಗೆಗೆ ಫಾರ್ಮಕೋಪಿಯಾ ಕೊಡುವುದು 15 ನಿಮಿಷ ಮಾತ್ರ.

ಆರ್ಟಿಸುನೇಟ್‌ನ ಹಳದಿ ಬಣ್ಣ

ಫಾಸ್ಟ್ ರೆಡ್ ಟಿಆರ್ ಎಂಬ ಬಣ್ಣದ ಲವಣ ಬಳಸುವ ಈ ವಿಧಾನ 2000ದಲ್ಲಿ ಬಂದದ್ದು. ಗುಳಿಗೆ ಪೂರ್ತಿ ಹಾಳಾಗುವುದಿಲ್ಲ, ಅದೇ ಇದರ ದೊಡ್ಡ ಅನುಕೂಲ. ಗುಳಿಗೆಯ ಮೈಯಿಂದ ಬ್ಲೇಡಿನಲ್ಲಿ ಎರಡು ಮಿ.ಗ್ರಾಂನಷ್ಟು ಪುಡಿ ಕೆರೆದರೆ ಸಾಕು. ಮೂರು ಕೊಳವೆ ಇಟ್ಟುಕೊಳ್ಳಿ: ಒಂದರಲ್ಲಿ ನಮ್ಮ ಮಾದರಿ, ಒಂದರಲ್ಲಿ ಖಚಿತವಾಗಿ ಒಳ್ಳೆಯದೆಂದು ಗೊತ್ತಿರುವ ಆರ್ಟಿಸುನೇಟ್, ಒಂದರಲ್ಲಿ ಪ್ಯಾರಾಸಿಟಮಾಲ್ ಪುಡಿ. ಮೂರಕ್ಕೂ 1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ಅರ್ಧ ಮಿ.ಲೀ ಹಾಕಿ, ಅಲುಗಿಸಿ, 10 ನಿಮಿಷ ಬಿಡಿ. ಕ್ಷಾರ ಆರ್ಟಿಸುನೇಟನ್ನು ಒಡೆಯುತ್ತದೆ. ಬಣ್ಣ ಹಿಡಿಯುವುದು ಹಾಗೆ ಒಡೆದು ಬಂದ ತುಂಡು, ಮೂಲ ಮದ್ದಲ್ಲ. ನಂತರ ನೀರು ಬೆರೆಸಿದ ಅಸೆಟಿಕ್ ಆಮ್ಲವನ್ನು ಹನಿಹನಿಯಾಗಿ ಹಾಕುತ್ತ ಪಿಎಚ್ ಕಾಗದ 4ರ ಹತ್ತಿರ ತೋರಿಸುವಂತೆ ಮಾಡಿ. ಆಮೇಲೆ ಆಗಲೇ ಕರಗಿಸಿದ ಫಾಸ್ಟ್ ರೆಡ್ ದ್ರಾವಣ, 1 ಮಿ.ಲೀ ನೀರಿಗೆ 5 ಮಿ.ಗ್ರಾಂ ಹದದ್ದು, ಒಂದೆರಡು ಹನಿ. ಐದು ನಿಮಿಷದಲ್ಲಿ ಅರಿಸಿನ ನೀರಿನ ಹಳದಿ ಬರಬೇಕು. ಪ್ಯಾರಾಸಿಟಮಾಲ್ ಕೊಳವೆ ಆ ಹಳದಿಗೆ ಬರಬಾರದು.

ಇದರಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಪಿಎಚ್. ಕ್ಷಾರ ಉಳಿದಿದ್ದರೆ ಬಣ್ಣದ ಲವಣ ತಾನೇ ಕೆಟ್ಟು ಮೂರೂ ಕೊಳವೆ ಬಣ್ಣಕ್ಕೆ ತಿರುಗುತ್ತವೆ, ಆಗ ಯಾವುದನ್ನೂ ನಂಬಲು ಬರುವುದಿಲ್ಲ. ಎರಡನೆಯದು ಲವಣದ ಬಾಟಲಿ. ಬೆಳಕು, ಸೆಕೆ ಎರಡೂ ಅದಕ್ಕೆ ಆಗಿಬರುವುದಿಲ್ಲ. ಫ್ರಿಜ್‌ನಲ್ಲಿ ಇಡಬೇಕು, ಕರಗಿಸಿದ್ದನ್ನು ಮಧ್ಯಾಹ್ನಕ್ಕೆ ಉಳಿಸಬಾರದು.

ಮೂರನೆಯ ತಪ್ಪು ಬೇರೆ ತರಹದ್ದು, ಹೆಚ್ಚು ಅಪಾಯದ್ದು. ಆರ್ಟಿಮೀಥರ್ ಗುಳಿಗೆಗೆ ಈ ಪರೀಕ್ಷೆ ಮಾಡಿ, ಹಳದಿ ಬರಲಿಲ್ಲವೆಂದು ನಕಲಿ ಎಂದು ಬರೆದುಬಿಡುವುದು. ಆರ್ಟಿಮೀಥರ್ ಬರೀ ಕ್ಷಾರಕ್ಕೆ ಒಡೆಯುವುದಿಲ್ಲ. ಮೊದಲು ಆಮ್ಲದಲ್ಲಿ ಡೈಹೈಡ್ರೊಆರ್ಟಿಮಿಸಿನಿನ್ ಆಗಿ ಬದಲಿಸಿಕೊಂಡರೆ ಮಾತ್ರ ಬಣ್ಣ ಬರುತ್ತದೆ. ಒಳ್ಳೆಯ ಮದ್ದಿಗೆ ನಕಲಿ ಹಣೆಪಟ್ಟಿ ಹಚ್ಚಿದರೆ ಅದರ ನಂಬಿಕೆ ಮತ್ತೆ ಕಟ್ಟುವುದು ಸುಲಭವಲ್ಲ.

ಹಳದಿ ಬಂದರೂ ಸಮಾಧಾನ ಬೇಡ. ಆಗ್ನೇಯ ಏಷ್ಯಾದ ನಕಲಿ ಆರ್ಟಿಸುನೇಟ್ ಜಾಲದ ಕುರಿತು 2008ರಲ್ಲಿ ಪ್ರಕಟವಾದ ತನಿಖೆಯಲ್ಲಿ 391 ಮಾದರಿಗಳಲ್ಲಿ 195 ನಕಲಿ ಎಂದು ಸಿಕ್ಕವು. ಪೊಟ್ಟಣದ ಹೊಲೊಗ್ರಾಮನ್ನೇ ಹಲವು ಬಗೆಯಲ್ಲಿ ನಕಲು ಮಾಡಿದ್ದರು. ಅಲ್ಲಿ ಸಿಕ್ಕ ನಕಲಿಗಳಲ್ಲಿ ಕೆಲವದರಲ್ಲಿ ಸ್ವಲ್ಪ ಅಸಲಿ ಆರ್ಟಿಸುನೇಟನ್ನೂ ಬೆರೆಸಿದ್ದರು. ಬಣ್ಣದ ಪರೀಕ್ಷೆಗೆ ಅಷ್ಟು ಸಾಕು, ರೋಗಿಗೆ ಸಾಲದು. ಪರೋಪಜೀವಿ ಸಾಯದೆ ಮದ್ದಿಗೆ ಹೊಂದಿಕೊಳ್ಳುವುದಕ್ಕೂ ಅದೇ ದಾರಿ. ಆದ್ದರಿಂದ ಬಣ್ಣದ ನಂತರ ಟಿಎಲ್‌ಸಿ ಬಿಡುವ ಹಾಗೇ ಇಲ್ಲ.

ಟಿಎಲ್‌ಸಿ ಮತ್ತು ಫ್ಯಾನು

ಜರ್ಮನಿಯ ಗ್ಲೋಬಲ್ ಫಾರ್ಮಾ ಹೆಲ್ತ್ ಫಂಡ್‌ನ ಮಿನಿಲ್ಯಾಬ್ ಪೆಟ್ಟಿಗೆಯ ತತ್ವವೇ ನಮ್ಮದೂ: ಮಾದರಿಯ ಚುಕ್ಕೆಯನ್ನು ಶೇ. 100ರ ಮತ್ತು ಶೇ. 80ರ ಪ್ರಮಾಣ ದ್ರಾವಣಗಳ (ಎಷ್ಟು ಮದ್ದಿದೆ ಎಂದು ಖಚಿತವಾಗಿ ಗೊತ್ತಿರುವಂಥವು) ಚುಕ್ಕೆಗಳ ಪಕ್ಕ ಇಟ್ಟು ಕಣ್ಣಿನಿಂದ ಹೋಲಿಸುವುದು. ಆ ಪೆಟ್ಟಿಗೆ ಇಲ್ಲದಿದ್ದರೂ ನಡೆಯುತ್ತದೆ. ಬೇಕಾದ್ದು ಅಲ್ಯೂಮಿನಿಯಂ ಹಾಳೆಯ ಮೇಲೆ ಸಿಲಿಕಾ ಜೆಲ್ 60 ಎಫ್254 ಲೇಪಿಸಿದ 5 × 10 ಸೆಂ.ಮೀ ಪ್ಲೇಟು, 2 ಮೈಕ್ರೋಲೀಟರ್ ಕ್ಯಾಪಿಲರಿ, ಮುಚ್ಚಳ ಗಟ್ಟಿಯಾಗಿ ಕೂರುವ ಗಾಜಿನ ಜಾಡಿ, 254 ಮತ್ತು 366 ನ್ಯಾನೋಮೀಟರ್ ಎರಡೂ ಇರುವ ಯುವಿ ದೀಪ, ಒಂದು ಹಾಟ್‌ಪ್ಲೇಟ್.

50 ಮಿ.ಗ್ರಾಂ ಆರ್ಟಿಸುನೇಟ್ ಗುಳಿಗೆಯನ್ನು ಖಲ್ಲಿನಲ್ಲಿ ವಿಭೂತಿಯಷ್ಟು ನುಣ್ಣಗೆ ಅರೆದು, ಪೂರ್ತಿ ಪುಡಿಯನ್ನು 10 ಮಿ.ಲೀ ಮೆಥನಾಲ್‌ನಲ್ಲಿ ಮೂರು ನಿಮಿಷ ಕುಲುಕಿ, ಐದು ನಿಮಿಷ ಕೆಳಗೆ ಕೂರಲು ಬಿಡುತ್ತೇವೆ. ಮೇಲಿನ ತಿಳಿಯಲ್ಲಿ ಮಿ.ಲೀಗೆ 5 ಮಿ.ಗ್ರಾಂ. ಪ್ರಮಾಣ ದ್ರಾವಣಗಳು 5 ಮತ್ತು 4 ಮಿ.ಗ್ರಾಂ. ಪ್ಲೇಟಿನ ತಳದಿಂದ ಒಂದೂವರೆ ಸೆಂ.ಮೀ ಮೇಲೆ ಪೆನ್ಸಿಲ್ ಗೆರೆ. ಪೆನ್ನು ಬೇಡ, ಶಾಯಿ ದ್ರಾವಕದ ಜೊತೆ ಏರುತ್ತದೆ. ಎಡಕ್ಕೆ ಶೇ. 100, ನಡುವೆ ಮಾದರಿಯ ಎರಡು ಚುಕ್ಕೆ, ಬಲಕ್ಕೆ ಶೇ. 80. ಚುಕ್ಕೆ ಮೂರು ಮಿ.ಮೀ ಮೀರಬಾರದು. ಕ್ಯಾಪಿಲರಿಯನ್ನು ಒತ್ತಿ ಹಿಡಿದರೆ ಸಿಲಿಕಾ ಕಿತ್ತು ಗುಂಡಿ ಬೀಳುತ್ತದೆ, ಆಗ ಚುಕ್ಕೆ ಏರುವಾಗ ಎರಡಾಗಿ ಒಡೆಯುತ್ತದೆ. ಮುಟ್ಟಿಸಿ ಬಿಡಬೇಕು, ತಾನೇ ಇಳಿಯುತ್ತದೆ.

ಜಾಡಿಗೆ ಇಥೈಲ್ ಅಸಿಟೇಟ್ 18 ಮಿ.ಲೀ, ಅಸಿಟೋನ್ 4 ಮಿ.ಲೀ, ಗ್ಲೇಶಿಯಲ್ ಅಸೆಟಿಕ್ ಆಮ್ಲ 0.1 ಮಿ.ಲೀ. ಒಳಗೋಡೆಗೆ ಫಿಲ್ಟರ್ ಕಾಗದ ಆನಿಸಿ, ಮುಚ್ಚಿ ಕಾಲು ಗಂಟೆ ಬಿಡಬೇಕು. ದ್ರಾವಕದ ಮಟ್ಟ ಪೆನ್ಸಿಲ್ ಗೆರೆಗಿಂತ ಕೆಳಗಿರಲಿ. ಪ್ಲೇಟಿನ ಮುಕ್ಕಾಲು ಭಾಗ ಏರಿದ ಮೇಲೆ ತೆಗೆದು, ದ್ರಾವಕ ತಲುಪಿದ ಎತ್ತರ ಗುರುತಿಸಿ, ಒಣಗಿಸಬೇಕು.

ಆರ್ಟಿಸುನೇಟ್ 254ರ ದೀಪದಲ್ಲಿ ಕಾಣುವುದಿಲ್ಲ. ಯುವಿ ಹೀರುವಂಥ ಭಾಗ ಅದರಲ್ಲಿಲ್ಲ, ಇರುವುದು ಪೆರಾಕ್ಸೈಡ್ ಸೇತುವೆ. ಹೊಸಬರು ಖಾಲಿ ಪ್ಲೇಟು ಕಂಡು ಗಾಬರಿಯಾಗುತ್ತಾರೆ. 190 ಮಿ.ಲೀ ತಣ್ಣನೆಯ ಮೆಥನಾಲ್‌ಗೆ 10 ಮಿ.ಲೀ ಗಾಢ ಸಲ್ಫ್ಯೂರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಿಟ್ಟುಕೊಂಡ ದ್ರಾವಣದಲ್ಲಿ ಪ್ಲೇಟನ್ನು ಅದ್ದಿ ತೆಗೆದು, ಹಿಂಬದಿ ಒರೆಸಿ, ಹಾಟ್‌ಪ್ಲೇಟ್ ಮೇಲೆ ಕಾಯಿಸಿದರೆ ಚುಕ್ಕೆ ಮೂಡುತ್ತದೆ. 366ರ ದೀಪದಲ್ಲಿ ಅದು ಇನ್ನೂ ಸ್ಪಷ್ಟ. ಆಮ್ಲಕ್ಕೆ ಮೆಥನಾಲ್ ಸುರಿಯಬಾರದು, ಮೆಥನಾಲ್‌ಗೇ ಆಮ್ಲ. ಕನ್ನಡಕ ಹಾಕದೆ ಇದನ್ನು ಮಾಡಬೇಡಿ. ಹೆಚ್ಚು ಕಾಯಿಸಿದರೆ ಪ್ಲೇಟು ಪೂರ್ತಿ ಕಂದಾಗಿ ಶೇ. 80 ಮತ್ತು 100ರ ವ್ಯತ್ಯಾಸ ಮುಚ್ಚಿಹೋಗುತ್ತದೆ. ಚುಕ್ಕೆ ಮೂಡತೊಡಗಿದ ಕೂಡಲೇ ಇಳಿಸಬೇಕು.

ಇಷ್ಟೆಲ್ಲ ಪುಸ್ತಕದಲ್ಲಿಯೂ ಸಿಗುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಕಲಬುರಗಿಯ ಏಪ್ರಿಲ್–ಮೇ. ಹೊರಗೆ 42 ಡಿಗ್ರಿ ದಾಟಿದಾಗ ಒಳಗೆ ಫ್ಯಾನು ಹಾಕದೆ ಕೂರುವುದು ಯಾರಿಗೂ ಕಷ್ಟ. ಆದರೆ ಫ್ಯಾನಿನ ಗಾಳಿ ಜಾಡಿಯ ಒಂದು ಬದಿಯನ್ನು ತಂಪು ಮಾಡುತ್ತದೆ, ದ್ರಾವಕ ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ಏರುತ್ತದೆ. ತೆಗೆದ ಪ್ಲೇಟನ್ನು ನೋಡಿದರೆ ದ್ರಾವಕದ ಅಂಚು ಬಾಗಿದ ಬಿಲ್ಲಿನಂತೆ ಇರುತ್ತದೆ, ಎಡತುದಿಯ ಪ್ರಮಾಣ ಚುಕ್ಕೆಗೂ ನಡುವಿನ ಮಾದರಿಗೂ ಎತ್ತರ ಹೊಂದುವುದಿಲ್ಲ. ಮಾದರಿ ಬೇರೆ ಔಷಧಿ ಇರಬಹುದೆಂದು ಅನುಮಾನ ಹುಟ್ಟುವುದು ಇಂಥಲ್ಲಿ. ಅಸಿಟೋನ್ ಬೇಗ ಆರುವುದರಿಂದ ಎರಡನೆಯ ಪ್ಲೇಟಿಗೆ ಹೋಗುವಷ್ಟರಲ್ಲಿ ದ್ರಾವಕದ ಪ್ರಮಾಣವೇ ಬದಲಾಗಿರುತ್ತದೆ. ನಾವು ಈ ಕೆಲಸವನ್ನು ಬೆಳಗ್ಗೆ ಏಳರಿಂದ ಹತ್ತರ ಒಳಗೆ ಮುಗಿಸುತ್ತೇವೆ. ಜಾಡಿಯನ್ನು ದಪ್ಪ ರಟ್ಟಿನ ಡಬ್ಬಿಯೊಳಗೆ ಇಡುತ್ತೇವೆ, ಪ್ಲೇಟಿಗೊಮ್ಮೆ ಹೊಸ ದ್ರಾವಕ ಹಾಕುತ್ತೇವೆ. ಆರ್‌ಎಫ್ ಸಂಖ್ಯೆಯನ್ನು (ಚುಕ್ಕೆ ಏರಿದ ಎತ್ತರವನ್ನು ದ್ರಾವಕ ಏರಿದ ಎತ್ತರದಿಂದ ಭಾಗಿಸಿದ್ದು) ಪುಸ್ತಕದ ಸಂಖ್ಯೆಗೆ ಹೋಲಿಸುವುದನ್ನೇ ಬಿಟ್ಟಿದ್ದೇವೆ. ಅದೇ ಪ್ಲೇಟಿನ ಪ್ರಮಾಣ ಚುಕ್ಕೆಯ ಜೊತೆ ಹೋಲಿಕೆ, ಅಷ್ಟೇ.

ಚುಕ್ಕೆಯ ಗಾತ್ರ, ಗಾಢತೆ ಓದುವವರು ಇಬ್ಬರಿರಬೇಕು. ಮಾದರಿ ಎಲ್ಲಿಂದ ಬಂತೆಂದು ಎರಡನೆಯವರಿಗೆ ಗೊತ್ತಿರಬಾರದು. ನಕಲಿ ಇರಬಹುದು ಎಂದು ಮೊದಲೇ ಕೇಳಿದ ಕಣ್ಣಿಗೆ ಚುಕ್ಕೆ ಸಣ್ಣದಾಗಿಯೇ ಕಾಣುತ್ತದೆ. ಶೇ. 80ಕ್ಕಿಂತ ಸಣ್ಣದೆಂದು ಇಬ್ಬರೂ ಬೇರೆ ಬೇರೆಯಾಗಿ ಬರೆದರೆ ಮತ್ತೊಂದು ಗುಳಿಗೆ ತೆಗೆದುಕೊಂಡು ಮೊದಲಿನಿಂದ ಮಾಡುತ್ತೇವೆ. ಮುಖ್ಯ ಚುಕ್ಕೆಯ ಕೆಳಗೋ ಮೇಲೋ ಇನ್ನೊಂದು ಚುಕ್ಕೆ ಇದ್ದರೆ ಅದನ್ನೂ ಬರೆದಿಡಬೇಕು. ಕೆಟ್ಟ ಆರ್ಟಿಸುನೇಟ್‌ನಲ್ಲಿ ಡೈಹೈಡ್ರೊಆರ್ಟಿಮಿಸಿನಿನ್ ಕಾಣುವುದು ಹೀಗೆ.

ಕ್ಲೋರೋಕ್ವಿನ್‌ನ ಒಂದು ಗುಂಡಿ

ಆರ್ಟಿಸುನೇಟ್‌ಗೆ ಮಾಡಿದ ಹಾಗೆ ಕ್ಲೋರೋಕ್ವಿನ್ ಗುಳಿಗೆಯನ್ನೂ ನೇರವಾಗಿ ಮೆಥನಾಲ್‌ಗೆ ಹಾಕಿದರೆ ಚುಕ್ಕೆ ಬಹಳ ಸಣ್ಣದು ಬರುತ್ತದೆ, ಗುಳಿಗೆ ಫೇಲ್ ಅನ್ನಿಸುತ್ತದೆ. ತಪ್ಪು ಗುಳಿಗೆಯದಲ್ಲ. ಕ್ಲೋರೋಕ್ವಿನ್ ಫಾಸ್ಫೇಟ್ ನೀರಿನಲ್ಲಿ ಧಾರಾಳವಾಗಿ ಕರಗುತ್ತದೆ, ಮೆಥನಾಲ್‌ನಲ್ಲಿ ಅತಿ ಕಡಿಮೆ. 250 ಮಿ.ಗ್ರಾಂ ಗುಳಿಗೆಯ ಪುಡಿಯನ್ನು 50 ಮಿ.ಲೀ ಬಟ್ಟಿ ಇಳಿಸಿದ ನೀರಿನಲ್ಲಿ ಕುಲುಕಿ, ತಿಳಿಯಿಂದ 1 ಮಿ.ಲೀ ತೆಗೆದು, ನೀರು–ಮೆಥನಾಲ್ ಸಮಭಾಗದ ಮಿಶ್ರಣದಿಂದ 5 ಮಿ.ಲೀ ಮಾಡಿ. ಪ್ರಮಾಣ ದ್ರಾವಣವನ್ನೂ ಇದೇ ಮಿಶ್ರಣದಲ್ಲಿಯೇ ಮಾಡಬೇಕು. ಮೆಥನಾಲ್ 100 ಭಾಗಕ್ಕೆ ಗಾಢ ಅಮೋನಿಯ 1.5 ಭಾಗದ ದ್ರಾವಕದಲ್ಲಿ ಓಡಿಸಿದರೆ ಚುಕ್ಕೆ ನಡುಭಾಗಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ, 254ರಲ್ಲಿ ಚೆನ್ನಾಗಿ ಕಾಣುತ್ತದೆ. ಅಮೋನಿಯದ ಬಾಟಲಿ ಬೇಸಿಗೆಯಲ್ಲಿ ಒಳಗೊಳಗೇ ಒತ್ತಡ ಕಟ್ಟಿಕೊಂಡಿರುತ್ತದೆ. ಐಸ್ ನೀರಿನಲ್ಲಿ ಅರ್ಧ ಗಂಟೆ ಇಟ್ಟ ಮೇಲೆಯೇ ಮುಚ್ಚಳ ತೆಗೆಯಿರಿ. ಹಲವು ಸಲ ತೆಗೆದು ಮುಚ್ಚಿದ ಬಾಟಲಿಯಲ್ಲಿ ಅಮೋನಿಯ ಇಳಿದುಹೋಗಿ ಚುಕ್ಕೆ ಬಾಲ ಬಿಡತೊಡಗುತ್ತದೆ. ಬಾಲ ಕಂಡರೆ ಮೊದಲು ಬಾಟಲಿ ಬದಲಿಸಿ, ಗುಳಿಗೆಯನ್ನು ಆಮೇಲೆ ಅನುಮಾನಿಸಿ.

ಇಲ್ಲೊಂದು ಲೆಕ್ಕವನ್ನೂ ಹೇಳಬೇಕು. 250 ಮಿ.ಗ್ರಾಂ ಕ್ಲೋರೋಕ್ವಿನ್ ಫಾಸ್ಫೇಟ್ ಎಂದರೆ 155 ಮಿ.ಗ್ರಾಂ ಬೇಸ್ (ಲವಣದ ಭಾಗ ಬಿಟ್ಟ ಮೂಲ ಮದ್ದು). ಕೆಲವು ದೇಶಗಳ ಪಟ್ಟಿಯ ಮೇಲೆ ಬೇಸ್ ಬರೆದಿರುತ್ತದೆ, ಕೆಲವಲ್ಲಿ ಲವಣ. ಅದನ್ನು ಗಮನಿಸದೆ ಲೆಕ್ಕ ಮಾಡಿದರೆ ಒಳ್ಳೆಯ ಗುಳಿಗೆ ಶೇ. 62 ಎಂದೋ, ಶೇ. 161 ಎಂದೋ ಬರುತ್ತದೆ.

ಕರಗುವ ಪರೀಕ್ಷೆ, ಬೇಸಿಗೆಯಲ್ಲಿ

ಗುಳಿಗೆ ಸಾಕಷ್ಟು ಸಿಕ್ಕಾಗ ಕ್ಲೋರೋಕ್ವಿನ್ ಕರಗುವ ಪರೀಕ್ಷೆ ಮಾಡುತ್ತೇವೆ: ಪಾತ್ರೆಗೆ 900 ಮಿ.ಲೀ ನೀರು, ಪ್ಯಾಡಲ್ ನಿಮಿಷಕ್ಕೆ 100 ಸುತ್ತು, 45 ನಿಮಿಷ, ಕರಗಬೇಕಾದ ಮಿತಿ (ಕ್ಯೂ ಬೆಲೆ) ಶೇ. 75. ಹೊರತೆಗೆದ ದ್ರಾವಣ 5 ಮಿ.ಲೀಯನ್ನು 100 ಮಿ.ಲೀಗೆ ತೆಳುಮಾಡಿ 343 ನ್ಯಾನೋಮೀಟರ್‌ನಲ್ಲಿ ಓದಬೇಕು. 250 ಮಿ.ಗ್ರಾಂ ಪೂರ್ತಿ ಕರಗಿದ್ದರೆ ಓದು 0.51ರ ಆಸುಪಾಸು ಬರುತ್ತದೆ. ಮೊದಲ ಹಂತದಲ್ಲಿ ಆರು ಗುಳಿಗೆಗಳಲ್ಲಿ ಪ್ರತಿಯೊಂದೂ ಕ್ಯೂಗಿಂತ 5 ಹೆಚ್ಚು, ಶೇ. 80 ಮುಟ್ಟಬೇಕು, ಅಂದರೆ 0.41. ಕ್ಲೋರೋಕ್ವಿನ್ ಗಾಜಿಗೂ ಫಿಲ್ಟರ್ ಕಾಗದಕ್ಕೂ ಅಂಟಿಕೊಳ್ಳುವ ಸ್ವಭಾವದ್ದು, ಆದ್ದರಿಂದ ಸೋಸಿದ ಮೊದಲ 10 ಮಿ.ಲೀ ಚೆಲ್ಲಿ ನಂತರದ್ದನ್ನು ಓದಿ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ಈ ಕೆಲಸಕ್ಕೆ ಅದನ್ನು ಮುಟ್ಟಬೇಡಿ.

ಪಾತ್ರೆಗಳು ಕೂರುವ ನೀರಿನ ಬಾತ್ 37 ಡಿಗ್ರಿಗೆ ಅರ್ಧ ಡಿಗ್ರಿ ಆಚೀಚೆ ನಿಲ್ಲಬೇಕು. ಆದರೆ ಸಾಮಾನ್ಯ ಬಾತ್‌ನಲ್ಲಿ ಹೀಟರ್ ಇರುತ್ತದೆ, ತಂಪು ಮಾಡುವ ವ್ಯವಸ್ಥೆ ಇರುವುದಿಲ್ಲ. ಕೋಣೆಯೇ 40 ಡಿಗ್ರಿ ಇದ್ದರೆ ಹೀಟರ್ ಆಫ್ ಆಗಿದ್ದರೂ ನೀರು ತಾನಾಗಿ 38ಕ್ಕೆ ಏರುತ್ತದೆ. ಡಿಸ್ಪ್ಲೇ 37 ತೋರಿಸುತ್ತಿದ್ದರೂ ಪಾತ್ರೆಯೊಳಗೆ ಥರ್ಮಾಮೀಟರ್ ಇಳಿಸಿ ನೋಡಿ. ಬೆಚ್ಚಗಾದಷ್ಟೂ ಗುಳಿಗೆ ಬೇಗ ಕರಗುತ್ತದೆ. ಫೇಲ್ ಆಗಬೇಕಾದದ್ದು ಪಾಸ್ ಆಗುತ್ತದೆ. ಎಸಿ ಹಾಕಿ ಕೋಣೆಯನ್ನು 30ರ ಕೆಳಗೆ ತಂದ ಮೇಲೆಯೇ ಶುರುಮಾಡಬೇಕು. ನಡುವೆ ಕರೆಂಟ್ ಹೋಗಿ ಪ್ಯಾಡಲ್ ನಿಂತರೆ ಆ ಪರೀಕ್ಷೆ ಮುಗಿಯಿತು, ಆರು ಗುಳಿಗೆ ವ್ಯರ್ಥ. ಯುಪಿಎಸ್ ಇಲ್ಲದೆ ಅಪರೂಪದ ಮಾದರಿಯನ್ನು ಪಾತ್ರೆಗೆ ಹಾಕಬೇಡಿ.

ಸೆಕೆಯ ಇನ್ನೊಂದು ಮೋಸ ಮೆಥನಾಲ್‌ನದ್ದು. ಒಂದೊಂದು ಡಿಗ್ರಿಗೆ ಅದು ಸುಮಾರು ಶೇ. 0.12 ಹಿಗ್ಗುತ್ತದೆ. ಬೆಳಗ್ಗೆ 26 ಡಿಗ್ರಿಯಲ್ಲಿ ಮಾಡಿದ ಪ್ರಮಾಣ ದ್ರಾವಣಕ್ಕೂ ಮಧ್ಯಾಹ್ನ 38ರಲ್ಲಿ ಗೆರೆ ಮುಟ್ಟಿಸಿದ ಮಾದರಿಗೂ ಶೇ. 1.4 ವ್ಯತ್ಯಾಸ ತಾನೇ ಬಂದಿರುತ್ತದೆ. ಟಿಎಲ್‌ಸಿಯಲ್ಲಿ ಇದು ಗೊತ್ತಾಗುವುದಿಲ್ಲ, ಎಚ್‌ಪಿಎಲ್‌ಸಿಯಲ್ಲಿ (ಮದ್ದಿನ ಪ್ರಮಾಣ ನಿಖರವಾಗಿ ಅಳೆಯುವ ಯಂತ್ರ) ಗೊತ್ತಾಗುತ್ತದೆ. ಎರಡನ್ನೂ ಒಂದೇ ಹೊತ್ತಿನಲ್ಲಿ, ಒಂದೇ ಕೋಣೆಯಲ್ಲಿ ಮಾಡಿ.

ಸಲ್ಫಡಾಕ್ಸಿನ್ 500, ಪೈರಿಮೆಥಮೈನ್ 25 ಮಿ.ಗ್ರಾಂ ಗುಳಿಗೆಯಲ್ಲಿ ಕಣ್ಣಿಡಬೇಕಾದ್ದು ಎರಡನೆಯದರ ಮೇಲೆ. ಪ್ರಮಾಣ ಕಡಿಮೆ, ನೀರಿನಲ್ಲಿ ಕರಗುವುದೂ ಕಡಿಮೆ. ಪ್ಲೇಟಿನಲ್ಲಿ ಸಲ್ಫಡಾಕ್ಸಿನ್‌ನ ದೊಡ್ಡ ಚುಕ್ಕೆಯೇ ಎದ್ದು ಕಂಡು ಪೈರಿಮೆಥಮೈನ್ ಕಡೆ ಯಾರೂ ನೋಡುವುದಿಲ್ಲ. ಅದಕ್ಕೆ ಬೇರೆ ಪ್ಲೇಟಿನಲ್ಲಿ ಹೆಚ್ಚು ಗಾಢ ದ್ರಾವಣ ಬಿಡುವುದು ಒಳ್ಳೆಯದು.

ಎಚ್‌ಪಿಎಲ್‌ಸಿ ಇದ್ದರೆ

ಆರ್ಟಿಸುನೇಟ್‌ಗೆ ಸಿ18 ಕಾಲಮ್, ಅಸಿಟೋನೈಟ್ರೈಲ್ 44 ಭಾಗಕ್ಕೆ ಪಿಎಚ್ 3.0ರ ಫಾಸ್ಫೇಟ್ ಬಫರ್ 56 ಭಾಗ, 216 ನ್ಯಾನೋಮೀಟರ್. ಯುವಿ ಹೀರುವುದು ಕಡಿಮೆಯಾದ್ದರಿಂದ ದ್ರಾವಣ ಗಾಢ ಇರಬೇಕು: 100 ಮಿ.ಗ್ರಾಂ ಆರ್ಟಿಸುನೇಟ್‌ಗೆ ಸಮನಾದ ಪುಡಿ 25 ಮಿ.ಲೀ ಅಸಿಟೋನೈಟ್ರೈಲ್‌ನಲ್ಲಿ. ಎಚ್‌ಪಿಎಲ್‌ಸಿ ದರ್ಜೆಯದಲ್ಲದ ಅಸಿಟೋನೈಟ್ರೈಲ್ ಬಳಸಿದರೆ 216ರಲ್ಲಿ ಬೇಸ್‌ಲೈನ್ ಅಲುಗಾಡಿ ಸಣ್ಣ ಪೀಕ್‌ಗಳು ಮುಳುಗುತ್ತವೆ. ಪುಡಿ ಕರಗಿಸುವ ಸೋನಿಕೇಟರ್‌ನ (ಶಬ್ದದ ಅಲೆಯಿಂದ ಅಲುಗಿಸುವ ಯಂತ್ರ) ನೀರಿಗೆ ಐಸ್ ಹಾಕಿ, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ನೀರು ಬಿಸಿಯಾಗಿ ನಿಮ್ಮ ಕೈಯಲ್ಲೇ ಆರ್ಟಿಸುನೇಟ್ ಕೆಡಬಹುದು. ಡೈಹೈಡ್ರೊಆರ್ಟಿಮಿಸಿನಿನ್ ಎರಡು ಪೀಕ್ ಆಗಿ ಬರುತ್ತದೆ, ಅದರ ಎರಡು ರೂಪಗಳವು. ಬೇರೆ ಬೇರೆ ಕಲ್ಮಶವೆಂದು ಎಣಿಸಬೇಡಿ. ಎಚ್‌ಪಿಎಲ್‌ಸಿ ಇಲ್ಲದ ಕಡೆ ಕ್ಷಾರದಲ್ಲಿ 50 ಡಿಗ್ರಿಗೆ ಕಾಯಿಸಿ 290ರ ಹತ್ತಿರ ಯುವಿ ಓದುತ್ತಾರೆ. ಅದರಲ್ಲಿ ಕೆಟ್ಟದ್ದೂ ಒಳ್ಳೆಯದೂ ಒಟ್ಟಿಗೆ ಓದಿಗೆ ಬರುವ ಸಾಧ್ಯತೆ ಇದೆ, ಅದನ್ನು ನೆನಪಿಟ್ಟುಕೊಂಡು ಸಂಖ್ಯೆ ನೋಡಿ.

ಎಲ್ಲಕ್ಕೂ ಅಡಿಪಾಯ ಪ್ರಮಾಣ ವಸ್ತು. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್‌ನಿಂದ ತರಿಸಿದ ಸಣ್ಣ ಶೀಶೆ ಫ್ರಿಜ್‌ನಲ್ಲಿದ್ದರೆ, ಹೊರತೆಗೆದ ಕೂಡಲೇ ಮುಚ್ಚಳ ಬಿಚ್ಚಬಾರದು. ಮಳೆಗಾಲದಲ್ಲಿ ತಣ್ಣನೆ ಶೀಶೆಯೊಳಗೆ ಗಾಳಿಯ ಪಸೆ ಇಳಿಯುತ್ತದೆ, ಆರ್ಟಿಸುನೇಟ್‌ಗೆ ನೀರೇ ಶತ್ರು. ಅರ್ಧ ಗಂಟೆ ಹೊರಗಿಟ್ಟು, ಶೀಶೆ ಕೋಣೆಯ ಬಿಸಿಗೆ ಬಂದ ಮೇಲೆ ಬಿಚ್ಚಿ. ಕೆಟ್ಟ ಪ್ರಮಾಣ ವಸ್ತುವಿನ ಎದುರು ಕೆಟ್ಟ ಗುಳಿಗೆಯೂ ಶೇ. 100 ಎಂದು ಬರುತ್ತದೆ.

ಕಡಿಮೆ ಬಂದರೆ ಯಾಕೆ ಕಡಿಮೆ

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕೊಟ್ಟ ಅಂದಾಜಿನಂತೆ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧಿ ಕಳಪೆ ಅಥವಾ ನಕಲಿ. ಕಳಪೆ ಬೇರೆ, ನಕಲಿ ಬೇರೆ. ವರದಿಯಲ್ಲಿ ಎರಡನ್ನೂ ಬೆರೆಸಬಾರದು. ಮದ್ದಿನ ಚುಕ್ಕೆಯೇ ಇಲ್ಲ, ಬದಲಿಗೆ ಪ್ಯಾರಾಸಿಟಮಾಲ್ ಜಾಗದಲ್ಲಿ ಚುಕ್ಕೆ ಇದೆ ಎಂದರೆ ನಕಲಿ. ಮದ್ದು ಕಡಿಮೆ, ಜೊತೆಗೆ ಕೆಟ್ಟ ಅಂಶಗಳ ಚುಕ್ಕೆ ಜಾಸ್ತಿ ಎಂದರೆ ಬಿಸಿಲು, ಪಸೆ. ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪಟ್ಟಿಯಲ್ಲಿ ಹೀಗಾಗುವುದುಂಟು. ಮದ್ದು ಕಡಿಮೆ, ಕೆಟ್ಟ ಚುಕ್ಕೆಯೂ ಇಲ್ಲ ಎಂದರೆ ತಯಾರಿಸುವಾಗಲೇ ಕಡಿಮೆ ಹಾಕಿರಬಹುದು. ಮದ್ದು ಸರಿ ಇದೆ, ಕರಗುತ್ತಿಲ್ಲ ಎಂದರೆ ಒತ್ತಡವೋ ಬೈಂಡರೋ (ಪುಡಿಯನ್ನು ಅಂಟಿಸುವ ವಸ್ತು) ಹೆಚ್ಚಾಗಿದೆ, ಇಲ್ಲವೇ ಗುಳಿಗೆ ಹಳತಾಗಿ ಗಟ್ಟಿಯಾಗಿದೆ. ಈಗ ಮಲೇರಿಯಾ ಕಡಿಮೆಯಾದ್ದರಿಂದ ಅಂಗಡಿಗಳಲ್ಲಿ ಈ ಗುಳಿಗೆ ಬೇಗ ಖರ್ಚಾಗುವುದಿಲ್ಲ, ಒಂದೇ ಡಬ್ಬಿ ಎರಡು ಬೇಸಿಗೆ ನೋಡುತ್ತದೆ.

ನಮ್ಮ ವರದಿಯಲ್ಲಿ ಬರೆಯುವುದು ಮೂರೇ ಬಗೆ: "ದೋಷ ಕಂಡಿದೆ", "ಅನುಮಾನವಿದೆ, ಮತ್ತೆ ಪರೀಕ್ಷೆ ಬೇಕು", "ಈ ಪರೀಕ್ಷೆಗಳಲ್ಲಿ ದೋಷ ಕಂಡಿಲ್ಲ". ಕೊನೆಯದನ್ನು ಓದಿದವರು ಗುಣಮಟ್ಟದ ಪ್ರಮಾಣಪತ್ರ ಎಂದುಕೊಳ್ಳದಂತೆ, ಯಾವ ಪರೀಕ್ಷೆ ಮಾಡಿಲ್ಲ ಎಂಬುದನ್ನು ಅದರ ಕೆಳಗೇ ಬರೆಯುತ್ತೇವೆ. ನಮ್ಮ ವರದಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಕಾನೂನಿನ ದಾರಿ ಬೇಕಾದರೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಸೆಕ್ಷನ್ ಇದೆ: ಔಷಧಿ ಕೊಂಡ ಯಾರೇ ಆಗಲಿ ಫಾರಂ 14-ಎ ತುಂಬಿ, ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಅಂಗಡಿಯ ಮಾಲಾದರೆ ಡ್ರಗ್ಸ್ ಇನ್ಸ್‌ಪೆಕ್ಟರಿಗೆ ತಿಳಿಸಿ. ಅವರು ತಾವೇ ಮಾದರಿ ತೆಗೆದು, ಭಾಗ ಮಾಡಿ, ಸೀಲ್ ಮಾಡಿ ಕಳಿಸುವ ಕ್ರಮ 23ನೇ ಸೆಕ್ಷನ್‌ನಲ್ಲಿದೆ. ನಾವು ಒಡೆದ ಪಟ್ಟಿ ಅವರಿಗೆ ಕೆಲಸಕ್ಕೆ ಬರುವುದಿಲ್ಲ, ಅದೇ ಬ್ಯಾಚಿನ ಒಡೆಯದ ಪಟ್ಟಿ ಎಲ್ಲಿ ಸಿಗುತ್ತದೆ ಎಂಬ ಮಾಹಿತಿ ಬರುತ್ತದೆ.

ಮುಟ್ಟದೆ ಇಟ್ಟ ಆ ಎರಡು ಗುಳಿಗೆಯನ್ನು ಪಟ್ಟಿಯಿಂದ ಬಿಡಿಸದೆ, ಬ್ಯಾಚ್ ನಂಬರ್ ಇರುವ ತುದಿಯ ಸಮೇತ ಕಂದು ಬಾಟಲಿಗೆ ಹಾಕಿ, ಸಿಲಿಕಾ ಜೆಲ್ ಚೀಲ ಇಟ್ಟು, ಮುಚ್ಚಳದ ಮೇಲೆ ಅರಗಿನ ಮುದ್ರೆ ಒತ್ತುತ್ತೇವೆ. ಬಾಟಲಿಯ ಮೇಲೆ ತಾರೀಖು, ಗುಳಿಗೆ ಎಲ್ಲಿ ಕೊಂಡದ್ದು, ಎಷ್ಟು ತಿಂಗಳು ಎಲ್ಲಿತ್ತು, ಇಷ್ಟು ಬರೆದು 25 ಡಿಗ್ರಿ ಮೀರದ ಕಪಾಟಿನಲ್ಲಿ, ಪಟ್ಟಿಯ ಮೇಲಿನ ಎಕ್ಸ್‌ಪೈರಿ ಮುಗಿದು ಒಂದು ವರ್ಷವಾಗುವ ತನಕ ಇಡುತ್ತೇವೆ.